ಮಡಕೆ ಮನೆಗೆ ಬಂತು, ಅದರ ಜಾಗ ಎಲ್ಲಿ ಹೋಯಿತು?

ಕೆಲವು ವರ್ಷಗಳ ಹಿಂದಿನ ಮಾತು. ಹನೂರು ಕಡೆಯ ಒಂದು ಹಳ್ಳಿಯಲ್ಲಿ ಯಜಮಾನರೊಬ್ಬರು ಹಳೇ ಮಡಕೆ, ಹಳೇ ಕತ್ತಿ ಕೂಡಿಡುತ್ತಾರೆ ಎಂದು ಗೆಳೆಯನೊಬ್ಬ ಹೇಳಿದ. ಭಾನುವಾರಕ್ಕೆ ಏನಾದರೂ ಕೊಡಿ ಎಂದು ಡೆಸ್ಕಿನಿಂದ ಎರಡು ಸಲ ಫೋನ್ ಬಂದಿತ್ತು. ಬೈಕ್ ಹತ್ತಿ ಹೊರಟೆವು.

ಅವರು ಮೊದಲು ರೇಷ್ಮೆಗೂಡಿನ ವ್ಯಾಪಾರ ಮಾಡುತ್ತಿದ್ದವರು. ಕೊಳ್ಳೇಗಾಲ, ಹನೂರು, ಯಳಂದೂರಿನ ಹಳ್ಳಿಹಳ್ಳಿ ಸುತ್ತಿದವರು. ಗೂಡು ಕೊಳ್ಳಲು ಹೋದ ಕಡೆ, ಉಳುವಾಗ ಸಿಕ್ಕಿತು ಎಂದು ಯಾರಾದರೂ ತೋರಿಸಿದರೆ, ಬೇಡವೆಂದು ಬದುವಿಗೆ ಎಸೆದದ್ದು ಕಣ್ಣಿಗೆ ಬಿದ್ದರೆ, ಗೋಣಿಚೀಲಕ್ಕೆ ಹಾಕಿಕೊಂಡು ಬರುತ್ತಿದ್ದರಂತೆ. ಈಗ ವ್ಯಾಪಾರವಿಲ್ಲ. ಹುಳು ಸಾಕುವ ಮನೆ ಖಾಲಿ. ಚಂದ್ರಿಕೆಗಳು ಮೂಲೆ ಸೇರಿವೆ. ಹುಳುವಿನ ತಟ್ಟೆ ಜೋಡಿಸುತ್ತಿದ್ದ ಅಟ್ಟಣಿಗೆಯ ಮೇಲೆ ಮಡಕೆಗಳು ಕೂತಿವೆ. ಒಳಗೆ ಕಪ್ಪು, ಹೊರಗೆ ಕೆಂಪು ಬಣ್ಣದ ಬಟ್ಟಲುಗಳು, ಕತ್ತು ಮುರಿದ ಕುಡಿಕೆಗಳು, ಕಾಲುಗಳಿರುವ ಒಂದು ಹರವಿ. ಕೆಳಗಿನ ಅಂತಸ್ತಿನಲ್ಲಿ ಹಳೇ ಪೇಪರಿನಲ್ಲಿ ಸುತ್ತಿಟ್ಟ ಕಬ್ಬಿಣ: ಈಟಿಯ ಮೊನೆ, ಬಾಕು, ಹಿಡಿಯಿಲ್ಲದ ಒಂದು ಉದ್ದನೆಯ ಕತ್ತಿ. ಜೊತೆಗೆ ಅಂಗೈಯಷ್ಟು ದೊಡ್ಡ, ನುಣ್ಣಗೆ ಉಜ್ಜಿದ ಎರಡು ಕಲ್ಗೊಡಲಿ.

ಬರೆದೆವು. ಅರ್ಧ ಪುಟ ಬಂತು. 'ಮನೆಯೇ ಮ್ಯೂಸಿಯಂ' ಎಂಬ ತಲೆಬರಹ. ಯಜಮಾನರು ಈಟಿ ಹಿಡಿದು ನಿಂತ ಫೋಟೊ. ಯಾವ ಗುಡ್ಡದ ತಪ್ಪಲಿನಲ್ಲಿ ಹೆಚ್ಚು ಸಿಕ್ಕವು ಎಂಬುದನ್ನು ಊರಿನ ಹೆಸರು, ಗುಡ್ಡದ ಹೆಸರು ಸಮೇತ ಬರೆದಿದ್ದೆವು. 'ಲಕ್ಷಾಂತರ ರೂಪಾಯಿ ಬೆಲೆಬಾಳುವ' ಎಂಬ ಮಾತನ್ನೂ ಸೇರಿಸಿದ್ದೆವು. ಅದನ್ನು ಯಾರೂ ನಮಗೆ ಹೇಳಿರಲಿಲ್ಲ. ಸುದ್ದಿಗೆ ತೂಕ ಬರಲಿ ಎಂದು ನಾವೇ ಹಾಕಿದ್ದು.

ಮೂರು ವಾರ ಕಳೆದಿರಬೇಕು, ಯಜಮಾನರ ಫೋನ್. "ನಿಮ್ ಪೇಪರ್ ನೋಡ್ಕಂಡು ಯಾರೋ ಬಂದವ್ರ ಕನಪ್ಪ. ಗುಡ್ಡನೆಲ್ಲ ಬಗ್ದು ಹಾಕವ್ರ."

ಹೋಗಿ ನೋಡಿದೆವು. ಉಂಡೆಗಲ್ಲುಗಳನ್ನು ದುಂಡಗೆ ಜೋಡಿಸಿದ್ದ ಜಾಗಗಳು ಅಲ್ಲಿ ಆರೇಳು ಇದ್ದವು. ಅಷ್ಟರ ನಡುವೆಯೂ ಆಳುದ್ದದ ಗುಂಡಿ. ಗುಂಡಿಯ ಪಕ್ಕ ಕುಯ್ದ ನಿಂಬೆಹಣ್ಣು, ಕುಂಕುಮ, ಒಡೆದ ತೆಂಗಿನಕಾಯಿ. ಸುತ್ತ ಮಡಕೆ ಚೂರುಗಳ ರಾಶಿ. ಬಂದವರಿಗೆ ಬೇಕಿದ್ದದ್ದು ಚಿನ್ನ. ಮಡಕೆಯೊಳಗೆ ಚಿನ್ನವಿಲ್ಲದ್ದು ಕಂಡು ಮಡಕೆಯನ್ನು ಒಡೆದು ಹೋಗಿದ್ದರು. ಚೂರುಗಳ ನಡುವೆ ಬೂದುಬಣ್ಣದ ಮೂಳೆಯ ತುಂಡುಗಳಿದ್ದವು. ಅದು ಯಾರದೋ ಗೋರಿ. ಮಣ್ಣು ಮಾಡಿದ ಜನ ಊಟದ ಬಟ್ಟಲು, ಈಟಿ ಜೊತೆಗಿಟ್ಟು ಕಲ್ಲು ಸುತ್ತಿ ಹೋಗಿದ್ದ ಜಾಗ. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಯಾರೂ ಮುಟ್ಟದೆ ಇದ್ದದ್ದು ನಮ್ಮ ಅರ್ಧ ಪುಟದಿಂದ ಮೂರು ವಾರದಲ್ಲಿ ಮುಗಿಯಿತು.

ಆ ಗುಡ್ಡದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಬರೆದದ್ದೇ ಸಾಕು.

ಇದನ್ನು ಇಷ್ಟು ದಿನ ಹೇಳಿಕೊಂಡಿರಲಿಲ್ಲ. ಈಗ ಹೇಳಬೇಕು ಅನ್ನಿಸಿದ್ದಕ್ಕೆ ಕಾರಣವಿದೆ. ಹಳೇ ವಸ್ತು ಕೂಡಿಡುವ ಹವ್ಯಾಸ ನಮ್ಮ ಮೂರು ತಾಲ್ಲೂಕಿನಲ್ಲೂ ಹೆಚ್ಚುತ್ತಿದೆ. ಮೊದಲು ನಾಣ್ಯ, ಅಂಚೆಚೀಟಿ ಇತ್ತು. ಈಗ ಮಡಕೆ, ಕತ್ತಿ, ಕಲ್ಗೊಡಲಿ. ಓದಿದ ಹುಡುಗರು ರೀಲ್ಸ್ ಮಾಡಿ ಹಾಕುತ್ತಾರೆ. ವಾಟ್ಸ್ಆ್ಯಪ್ ಗುಂಪುಗಳಲ್ಲಿ 'ಇದಕ್ಕೆ ಎಷ್ಟು ಸಿಗಬಹುದು' ಎಂದು ಕೇಳುತ್ತಾರೆ. ಇವರನ್ನೆಲ್ಲ ಕಳ್ಳರು ಎಂದು ಕರೆಯುವುದು ಸುಲಭ. 'ಸಂಸ್ಕೃತಿ ಉಳಿಸುವವರು' ಎಂದು ಹಾರ ಹಾಕುವುದು ಇನ್ನೂ ಸುಲಭ. ಎರಡೂ ತಪ್ಪು ಎಂಬುದು ನಮ್ಮ ಅಭಿಪ್ರಾಯ. ಕೂಡಿಡುವುದು ತಪ್ಪಲ್ಲ. ಎಲ್ಲಿಂದ ತಂದದ್ದು ಎಂದು ಬರೆದಿಡದೆ ಕೂಡಿಡುವುದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು, ಕೂಡಿಡುವುದಕ್ಕೆಂದೇ ಅಗೆಯುವುದು.

ನಮ್ಮ ನೆಲದಲ್ಲಿ ಏನಿದೆ

ಕೊಳ್ಳೇಗಾಲ ಎಂದರೆ ರೇಷ್ಮೆ ಸೀರೆ, ಹನೂರು ಎಂದರೆ ಮಾದಪ್ಪನ ಬೆಟ್ಟದ ದಾರಿ, ಯಳಂದೂರು ಎಂದರೆ ಬಳೇಮಂಟಪ. ಹೊರಗಿನವರಿಗೆ ನಮ್ಮ ಪರಿಚಯ ಇಷ್ಟೇ. ಆದರೆ ಕಾವೇರಿ, ಸುವರ್ಣಾವತಿ ದಂಡೆಯ ಈ ನೆಲದಲ್ಲಿ ಜನ ಬಾಳಿದ್ದು ಬಹಳ ಹಿಂದಿನಿಂದ. ನಮ್ಮಿಂದ ದೂರವೇನೂ ಇಲ್ಲದ ತಿರುಮಕೂಡಲು ನರಸೀಪುರದ ಸಂಗಮದಲ್ಲಿ 1960ರ ಆಸುಪಾಸಿನಲ್ಲಿ ಅಗೆದಾಗ ನವಶಿಲಾಯುಗದ ಜನರ ನೆಲೆ ಸಿಕ್ಕಿತು. ಆ ಉತ್ಖನನದ ವರದಿ 1971ರಲ್ಲಿ ಪ್ರಕಟವಾಯಿತು. ಹೊಳೆಯಾಚೆಯ ತಲಕಾಡಿನ ಮರಳಿನಡಿಯಲ್ಲಿ ಏನಿದೆ ಎಂದು 1990ರ ದಶಕದಲ್ಲಿ ಅಗೆದು ನೋಡಿದರು. ಹಾಗೆ ನೋಡಿದರೆ ಈಚೆ ದಡದ ನಮ್ಮ ತಾಲ್ಲೂಕುಗಳ ಬಗ್ಗೆ ಆದ ಕೆಲಸ ಕಡಿಮೆ.

ಇದಕ್ಕೆ ಒಂದು ಕಾರಣ ಗಡಿ ಇರಬಹುದು ಎಂದು ನಮಗೆ ಅನ್ನಿಸುತ್ತದೆ. ಕೊಳ್ಳೇಗಾಲ ತಾಲ್ಲೂಕು 1956ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ. ಈಗ ಹನೂರು ಬೇರೆಯೇ ತಾಲ್ಲೂಕು. ಪಕ್ಕದ ಯಳಂದೂರು ಮೊದಲಿಂದಲೂ ಮೈಸೂರು ಸೀಮೆ, ದಿವಾನ್ ಪೂರ್ಣಯ್ಯನವರ ಜಹಗೀರು. ಕೊಯಮತ್ತೂರು ಜಿಲ್ಲೆಯ ಇಂಥ ಕಲ್ಲುಗೋರಿಗಳ ಬಗ್ಗೆ ಎಂ. ಜೆ. ವಾಲ್‌ಹೌಸ್ ಎಂಬ ಬ್ರಿಟಿಷ್ ಅಧಿಕಾರಿ 1870ರ ದಶಕದಲ್ಲೇ ಬರೆದಿದ್ದರು. ಗೋರಿ ಕಟ್ಟಿದ ಜನಕ್ಕೆ ಕರ್ನಾಟಕ, ತಮಿಳುನಾಡು ಎಂಬ ಗಡಿ ಇರಲಿಲ್ಲ. ಫೈಲುಗಳಿಗೆ ಇದೆ.

ಇನ್ನು ಕಬ್ಬಿಣ. ನಮ್ಮ ಚಿಕ್ಕಲ್ಲೂರು ಜಾತ್ರೆಗೆ ಹೋದವರಿಗೆ ಸಿದ್ದಪ್ಪಾಜಿಯ ಕತೆ ಗೊತ್ತು. ಹಲಗೂರಿನ ಪಾಂಚಾಳರ ಹತ್ತಿರ ಕಬ್ಬಿಣ ಬೇಡಲು ಹೋಗಿ ಆತ ಪಟ್ಟ ಪಾಡನ್ನು ನೀಲಗಾರರು ಇಡೀ ರಾತ್ರಿ ಹಾಡುತ್ತಾರೆ. ಕಬ್ಬಿಣ ಕಾಯಿಸುವವರನ್ನು, ಕಬ್ಬಿಣ ಬೇಡುವವನನ್ನು ನಡುವೆ ಇಟ್ಟುಕೊಂಡು ಇಷ್ಟು ದೊಡ್ಡ ಕಾವ್ಯ ಕಟ್ಟಿದ ಸೀಮೆ ನಮ್ಮದು. ಇಲ್ಲಿ ಹೊಲದಲ್ಲಿ ಈಟಿ ಮೊನೆ ಸಿಕ್ಕರೆ ಆಶ್ಚರ್ಯವಿಲ್ಲ.

ಸಿಗುವುದೂ ಈಗ ಹೆಚ್ಚಾಗಿದೆ. ನೇಗಿಲು ಗೇಣುದ್ದ ಹೋಗುತ್ತಿತ್ತು. ಟ್ರ್ಯಾಕ್ಟರ್ ನೇಗಿಲು ಮೊಳದುದ್ದ ಹೋಗುತ್ತದೆ. ಅರಿಸಿನಕ್ಕೆ, ಕಬ್ಬಿಗೆ, ಹಿಪ್ಪುನೇರಳೆಗೆ ಎಂದು ಗುಡ್ಡದ ತಪ್ಪಲನ್ನು ಜೆಸಿಬಿ ತಂದು ಮಟ್ಟ ಮಾಡಿಸುತ್ತಾರೆ. ಕಲ್ಲುಗಣಿ ಬರುತ್ತದೆ. ಕೆರೆಯ ಹೂಳು ತುಂಬಿದ ಲಾರಿಯಲ್ಲಿ ಮಡಕೆ ಚೂರೂ ಹೊಲ ಸೇರುತ್ತದೆ. ನಾವು ಚಿಕ್ಕವರಿದ್ದಾಗ ಕುಂಟೆಬಿಲ್ಲೆ ಆಡಲು ಹೊಲದಿಂದ ಬೋಕಿಬಿಲ್ಲೆ ಆರಿಸಿ ತರುತ್ತಿದ್ದೆವು. ಕಪ್ಪು ಕೆಂಪು ಬಣ್ಣದ್ದು ಚೆನ್ನಾಗಿ ಜಾರುತ್ತದೆ ಎಂದು ಅದನ್ನೇ ಹುಡುಕುತ್ತಿದ್ದೆವು. ಅದು ಏನು ಎಂದು ಮೇಷ್ಟ್ರಿಗೂ ಗೊತ್ತಿರಲಿಲ್ಲ.

ಜಾಗ ಯಾಕೆ ಮುಖ್ಯ

'ಎಲ್ಲಿ ಸಿಕ್ಕಿದರೇನು, ಉಳಿಯಿತಲ್ಲ' ಎಂದು ಕೇಳುವವರಿದ್ದಾರೆ. ನಾವೂ ಹಾಗೇ ಅಂದುಕೊಂಡಿದ್ದೆವು. ಗುಂಡಿಗಳನ್ನು ಕಂಡ ಮೇಲೆ ಕೂತು ಒಂದಿಷ್ಟು ಓದಿದೆವು.

ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಉದಾಹರಣೆ ನೋಡಿ. ಮಾರ್ಟಿಮರ್ ವ್ಹೀಲರ್ ಅಲ್ಲಿ 1947ರಲ್ಲಿ ಅಗೆದರು. ಅದಕ್ಕೆ ಎರಡು ವರ್ಷ ಮೊದಲು, 1945ರಲ್ಲಿ, ಪುದುಚೇರಿ ಹತ್ತಿರದ ಅರಿಕಮೇಡುವಿನಲ್ಲಿ ಅಗೆದಿದ್ದರು. ಅಲ್ಲಿ ಇಟಲಿಯಿಂದ ಹಡಗಿನಲ್ಲಿ ಬಂದ ಮಡಕೆ ಚೂರುಗಳು ಸಿಕ್ಕಿದ್ದವು. ಇಟಲಿಯಲ್ಲಿ ಅಂಥ ಮಡಕೆ ಯಾವ ಕಾಲದಲ್ಲಿ ಮಾಡುತ್ತಿದ್ದರು ಎಂಬುದು ಮೊದಲೇ ಗೊತ್ತಿತ್ತು: ಕ್ರಿಸ್ತಶಕದ ಆರಂಭದ ದಿನಗಳು. ಅದೇ ಅರಿಕಮೇಡುವಿನಲ್ಲಿ ಒಳಗೆ ಸುತ್ತಲೂ ಚುಕ್ಕಿ ಸಾಲು ಒತ್ತಿದ ಇನ್ನೊಂದು ಬಗೆಯ ತಟ್ಟೆಯೂ ಸಿಕ್ಕಿತ್ತು. ಆ ತಟ್ಟೆಯ ಚೂರು ಬ್ರಹ್ಮಗಿರಿಯ ಮೇಲಿನ ಪದರದಲ್ಲೂ ಕಂಡಿತು. ಹಾಗಾದರೆ ಬ್ರಹ್ಮಗಿರಿಯ ಆ ಪದರಕ್ಕೂ ಹೆಚ್ಚುಕಡಿಮೆ ಅದೇ ಕಾಲ. ಅದರ ಕೆಳಗೆ ಕಲ್ಲುಗೋರಿಯ ಜನರ ಪದರ, ಅವರು ಇನ್ನೂ ಹಿಂದಿನವರು. ಅದರ ಕೆಳಗೆ ಕಲ್ಗೊಡಲಿಯವರು, ಅವರು ಅದಕ್ಕೂ ಹಿಂದಿನವರು. ದಕ್ಷಿಣ ಭಾರತದ ಇತಿಹಾಸಪೂರ್ವ ಕಾಲಕ್ಕೆ ಒಂದು ಏಣಿ ಸಿಕ್ಕಿದ್ದು ಹೀಗೆ, ಅಂಗೈಯಗಲದ ಬೋಕಿಯಿಂದ. ಮುಂದೆ ಹೊಸ ವಿಧಾನಗಳು ಬಂದು ಕಾಲದ ಲೆಕ್ಕ ಬದಲಾಗಿದೆ, ಆದರೆ ಮೇಲೆ ಯಾವುದು ಕೆಳಗೆ ಯಾವುದು ಎಂಬ ಪಾಠ ಬದಲಾಗಿಲ್ಲ.

ಆ ಚೂರನ್ನು ಯಾರಾದರೂ ಹವ್ಯಾಸಿ ಮೊದಲೇ ಆರಿಸಿ ತನ್ನ ಮನೆಯ ಶೋಕೇಸಿನಲ್ಲಿ ಇಟ್ಟುಕೊಂಡಿದ್ದರೆ? ಚೂರು ಉಳಿಯುತ್ತಿತ್ತು. ಏಣಿ ಸಿಗುತ್ತಿರಲಿಲ್ಲ.

ಆಯುಧದ ಮಟ್ಟಿಗೆ ಇದು ಇನ್ನೂ ನಿಜ. ತುಕ್ಕು ಹಿಡಿದ ಕತ್ತಿಯೊಂದನ್ನೇ ಕೈಯಲ್ಲಿ ಹಿಡಿದು ಅದರ ವಯಸ್ಸು ಹೇಳುವುದು ಬಲು ಕಷ್ಟ. ಅದರ ಜೊತೆಗೆ ಸಿಕ್ಕ ಇದ್ದಿಲು, ಭತ್ತದ ಕಾಳು ವಯಸ್ಸು ಹೇಳುತ್ತವೆ. ನಮ್ಮ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ 1965ರಲ್ಲಿ ಎಂ. ಎಸ್. ನಾಗರಾಜರಾವ್ ಅಗೆದಾಗ ಕಬ್ಬಿಣ ಸಿಕ್ಕ ಪದರದ ಕಾಲ ಕ್ರಿಸ್ತಪೂರ್ವ 1000ದ ಆಸುಪಾಸು ಎಂದು ತಿಳಿದದ್ದು ಇದ್ದಿಲಿನ ಪರೀಕ್ಷೆಯಿಂದ. ನಮ್ಮ ರಾಜ್ಯಕ್ಕೆ ಅಂಟಿಕೊಂಡಿರುವ ಕೃಷ್ಣಗಿರಿ ಜಿಲ್ಲೆಯ ಮಯಿಲಾಡುಂಪಾರೈಯಲ್ಲಿ ಕಬ್ಬಿಣದ ಕಾಲ ಕ್ರಿಸ್ತಪೂರ್ವ 2172 ಎಂದು ತಮಿಳುನಾಡು 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ತೂತ್ತುಕುಡಿ ಜಿಲ್ಲೆಯ ಶಿವಗಳೈನ ಇದ್ದಿಲು ಪರೀಕ್ಷಿಸಿ ಕ್ರಿಸ್ತಪೂರ್ವ 3345ರವರೆಗೂ ಹೋಯಿತು. ಈ ಲೆಕ್ಕದ ಬಗ್ಗೆ ವಿದ್ವಾಂಸರು ವಾದ ಮಾಡುತ್ತಾರೆ, ಮಾಡಲಿ. ವಾದ ಮಾಡಲಿಕ್ಕಾದರೂ ಇದ್ದಿಲು ಬೇಕಲ್ಲ. ನಮ್ಮ ಯಜಮಾನರ ಕತ್ತಿಯ ಪಕ್ಕ ಇದ್ದ ಇದ್ದಿಲು ಯಾವ ಹೊಲದ ಗೊಬ್ಬರವಾಯಿತೋ!

ಮಡಕೆ ತಂದ ತಕ್ಷಣ ಎಲ್ಲರೂ ಮಾಡುವ ಮೊದಲ ಕೆಲಸ ತೊಳೆಯುವುದು. ಹುಣಸೆಹಣ್ಣು ಹಾಕಿ ಉಜ್ಜಿದವರನ್ನೂ ನಾವು ಕಂಡಿದ್ದೇವೆ. ಒಳಗೆ ಅಂಟಿಕೊಂಡ ಮಣ್ಣಿನಲ್ಲಿ ಅವರು ಉಂಡ ಧಾನ್ಯದ ಗುರುತು ಇರಬಹುದು. ಅದೂ ಮೋರಿಗೆ ಹೋಗುತ್ತದೆ.

ಹವ್ಯಾಸಿಗಳಿಲ್ಲದೆ ಆಗುತ್ತಿತ್ತೇ?

ಹಾಗಂತ ಹವ್ಯಾಸಿಗಳನ್ನು ಜರಿಯುವುದೂ ಸರಿಯಲ್ಲ. ಭಾರತದ ಇತಿಹಾಸಪೂರ್ವ ಅಧ್ಯಯನ ಶುರುವಾದದ್ದೇ ಒಬ್ಬ ಹವ್ಯಾಸಿಯಿಂದ. ರಾಬರ್ಟ್ ಬ್ರೂಸ್ ಫೂಟ್ ಕೆಲಸ ಮಾಡುತ್ತಿದ್ದದ್ದು ಭೂವಿಜ್ಞಾನ ಸರ್ವೇಕ್ಷಣೆಯಲ್ಲಿ. ಕಲ್ಲು, ಅದಿರು ನೋಡುವುದು ಅವರ ನೌಕರಿ. 1863ರ ಮೇ 30ರಂದು ಮದರಾಸಿನ ಪಲ್ಲಾವರಂ ಹತ್ತಿರ ಆದಿಮಾನವ ಕೆತ್ತಿದ ಕಲ್ಲಿನ ಆಯುಧವೊಂದನ್ನು ಗುರುತಿಸಿದರು. ಅಲ್ಲಿಂದ ನೌಕರಿಯ ಜೊತೆಗೇ ಮಡಕೆ ಚೂರು, ಕಲ್ಗೊಡಲಿ ಕೂಡಿಸುತ್ತಾ ದಕ್ಷಿಣ ಭಾರತವನ್ನೆಲ್ಲ ಸುತ್ತಿದರು. ಬಳ್ಳಾರಿ, ಮೈಸೂರು ಸೀಮೆಯನ್ನೂ ಬಿಡಲಿಲ್ಲ. ಸಂಗ್ರಹ ಕೊನೆಗೆ ಮದರಾಸಿನ ಸರ್ಕಾರಿ ಮ್ಯೂಸಿಯಂ ಸೇರಿತು. ಅವರು 1912ರಲ್ಲಿ ತೀರಿಕೊಂಡ ಮೇಲೆ, 1914 ಮತ್ತು 1916ರಲ್ಲಿ, ಆ ಸಂಗ್ರಹದ ಪಟ್ಟಿ ಎರಡು ಸಂಪುಟಗಳಾಗಿ ಬಂತು. ಯಾವ ವಸ್ತು ಯಾವ ಜಾಗದಲ್ಲಿ ಸಿಕ್ಕಿತು ಎಂದು ಬರೆದಿಟ್ಟಿದ್ದರಿಂದ ಮುಂದಿನ ತಲೆಮಾರಿನವರು ಬಳ್ಳಾರಿಯ ಸಂಗನಕಲ್ಲು ಗುಡ್ಡಗಳಿಗೆ ಮತ್ತೆ ಹೋಗಿ ಅಗೆಯಲು ಸಾಧ್ಯವಾಯಿತು. ಇವತ್ತು ಬಳ್ಳಾರಿಯಲ್ಲಿ ಅವರ ಹೆಸರಿನ ವಸ್ತುಸಂಗ್ರಹಾಲಯವೇ ಇದೆ.

ಕನ್ನಡದ ಉದಾಹರಣೆಗಳೂ ಇವೆ. ಎಚ್. ಎಲ್. ನಾಗೇಗೌಡರು ಅಧಿಕಾರಿಯಾಗಿದ್ದವರು, ಜಾನಪದದ ಹುಚ್ಚು ಹಿಡಿಸಿಕೊಂಡವರು. ಅವರು ಕೂಡಿಸಿದ ಮಡಕೆ, ಕುಡಿಕೆ, ಆಯುಧ, ಒನಕೆ, ಬೀಸುವ ಕಲ್ಲೆಲ್ಲ ಇಂದು ರಾಮನಗರದ ಜಾನಪದ ಲೋಕದಲ್ಲಿ ಎಲ್ಲರೂ ನೋಡುವಂತಿವೆ. ಧರ್ಮಸ್ಥಳದ ಮಂಜೂಷಾ ಕೂಡ ಧರ್ಮಾಧಿಕಾರಿಗಳ ಸಂಗ್ರಹದ ಆಸಕ್ತಿಯಿಂದ ಬೆಳೆದದ್ದು.

ನಮ್ಮ ಯಜಮಾನರೂ ಅವರ ಮಟ್ಟಿಗೆ ಒಳ್ಳೆಯದನ್ನೇ ಮಾಡಿದ್ದಾರೆ. ಅವರು ಎತ್ತಿಕೊಳ್ಳದಿದ್ದರೆ ಅರ್ಧಕ್ಕರ್ಧ ಜೆಸಿಬಿಯ ಬಾಯಿಗೆ ಹೋಗುತ್ತಿತ್ತು. ಒಂದು ಮಾರಿಲ್ಲ. ಒಂದನ್ನೂ ತಾವಾಗಿ ಅಗೆದು ತಂದಿಲ್ಲ. ಫೂಟ್‌ಗೂ ಇವರಿಗೂ ಇರುವ ವ್ಯತ್ಯಾಸ ಒಂದೇ, ಒಂದು ನೋಟ್‌ಬುಕ್ಕು. ಅದು ಹತ್ತಿಪ್ಪತ್ತು ರೂಪಾಯಿಗೆ ಸಿಗುವ ವಸ್ತು.

ಕಾನೂನು ಮತ್ತು ಭಯ

ಕಾನೂನು ಏನು ಹೇಳುತ್ತದೆ? ನೆಲದಡಿ ಸಿಕ್ಕ ನಿಧಿಯನ್ನು ತಿಳಿಸಲೇಬೇಕು ಎಂಬುದು 1878ರ ಬ್ರಿಟಿಷರ ಕಾಯ್ದೆಯಿಂದಲೂ ಇದೆ. ನಮ್ಮ ರಾಜ್ಯ 1962ರಲ್ಲಿ ತನ್ನದೇ ನಿಧಿ ಕಾಯ್ದೆ ಮಾಡಿಕೊಂಡಿತು. ಹಳೇ ಕಾಯ್ದೆಯಲ್ಲಿ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯದ್ದು ಸಿಕ್ಕರೆ ಕಲೆಕ್ಟರಿಗೆ ತಿಳಿಸಬೇಕು ಎಂದಿತ್ತು. ತೊಡಕು ಅಲ್ಲೇ ಇದೆ. ಕಾನೂನು ನಿಧಿಯನ್ನು ಬೆಲೆಯಿಂದ ಅಳೆಯಿತು. ಒಡಕು ಮಡಕೆಗೆ ಹತ್ತು ರೂಪಾಯಿ ಬೆಲೆ ಯಾರು ಕಟ್ಟಿಯಾರು? ಜನಕ್ಕೂ ಅದೇ ಅಭ್ಯಾಸವಾಯಿತು. ಚಿನ್ನ ಸಿಕ್ಕರೆ ನಿಧಿ, ಮಡಕೆ ಸಿಕ್ಕರೆ ಬೋಕಿ.

1976ರಿಂದ ಜಾರಿಯಲ್ಲಿರುವ 1972ರ ಕೇಂದ್ರದ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷ ದಾಟಿದ್ದನ್ನು ಪುರಾತನ ವಸ್ತು ಎನ್ನುತ್ತದೆ. ಪರವಾನಗಿ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ, ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ವಿಗ್ರಹ, ಚಿತ್ರ, ಚಿತ್ರವಿರುವ ಹಸ್ತಪ್ರತಿಗಳಂಥ ಕೆಲವು ಬಗೆಯವನ್ನು ನೋಂದಾಯಿಸಬೇಕು. ಸಂರಕ್ಷಿತ ಜಾಗದಲ್ಲಿ ಅಪ್ಪಣೆಯಿಲ್ಲದೆ ಅಗೆಯುವುದು ಅಪರಾಧ. ಆಯುಧಕ್ಕೆ 1959ರ ಶಸ್ತ್ರಾಸ್ತ್ರ ಕಾಯ್ದೆ ಬೇರೆ ಇದೆ. ದುರಸ್ತಿ ಮಾಡಿದರೂ ಹಾರಿಸಲಾಗದ ಪುರಾತನ ಬಂದೂಕಿಗೆ ಅದರಲ್ಲಿ ವಿನಾಯಿತಿ ಉಂಟು. ಇಷ್ಟೆಲ್ಲ ಹಳ್ಳಿಯವರಿಗೆ ತಿಳಿಸಿ ಹೇಳಿದವರು ಯಾರು? ಯಾರೂ ಇಲ್ಲ. ಅವರಿಗೆ ಗೊತ್ತಿರುವುದು ಒಂದೇ: ಪೊಲೀಸ್.

ಹನೂರು ಭಾಗದಲ್ಲಿ ಈ ಭಯಕ್ಕೆ ಚರಿತ್ರೆಯೇ ಇದೆ. ವೀರಪ್ಪನ್ ಇದ್ದ ಕಾಲದಲ್ಲಿ ಮನೆಯಲ್ಲಿ ಹಳೇ ನಾಡಕೋವಿಯ ನಳಿಗೆ ಇದ್ದರೂ ಹೆದರಿ ಹೊಳೆಗೆ ಎಸೆದು ಬಂದದ್ದನ್ನು ವಯಸ್ಸಾದವರು ಈಗಲೂ ಹೇಳುತ್ತಾರೆ. ಹೀಗಿರುವಾಗ 'ಹಳೇ ವಸ್ತು ಇಟ್ಟುಕೊಂಡವರ ಮೇಲೆ ಕ್ರಮ' ಎಂದು ಯಾರಾದರೂ ಹೇಳಿಕೆ ಕೊಟ್ಟರೆ ಏನಾಗುತ್ತದೆ? ರಾತ್ರೋರಾತ್ರಿ ಅಷ್ಟೂ ಕಾವೇರಿ ಪಾಲು. ಇಲ್ಲವೇ ಬೆಂಗಳೂರಿನಿಂದ ಬರುವ ದಲ್ಲಾಳಿಯ ಪಾಲು.

ಯಜಮಾನರು ಒಮ್ಮೆ ಸರ್ಕಾರಿ ಕಚೇರಿಯೊಂದಕ್ಕೆ ಒಂದು ಮಡಕೆ ಒಯ್ದು ಕೊಟ್ಟಿದ್ದರಂತೆ. ಯಾವ ಕಚೇರಿ ಎಂಬುದು ಬೇಡ. ರಶೀದಿ ಕೊಡಲಿಲ್ಲ, ಎಲ್ಲಿ ಸಿಕ್ಕಿತು ಎಂದೂ ಕೇಳಲಿಲ್ಲ. ಆರು ತಿಂಗಳು ಬಿಟ್ಟು ಬೇರೆ ಕೆಲಸಕ್ಕೆ ಹೋದಾಗ ಮೂಲೆಯಲ್ಲಿ ಕಸದ ಪೊರಕೆ ನಿಲ್ಲಿಸಲು ಅದನ್ನೇ ಇಟ್ಟಿದ್ದರು. "ಅದ್ಕಿಂತ ನಮ್ ಹುಳುಮನೇನೆ ವಾಸಿ" ಎಂದರು. ಅವರನ್ನು ತಪ್ಪು ಎನ್ನುವ ಬಾಯಿ ನಮಗೆ ಬರಲಿಲ್ಲ.

ಬೆಲೆ ಎಂಬ ಪಿಡುಗು

2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಕತ್ತಿಯೊಂದು 1.4 ಕೋಟಿ ಪೌಂಡಿಗೆ ಹೋಯಿತು. ನಮ್ಮ ಕನ್ನಡ ಪತ್ರಿಕೆಗಳೆಲ್ಲ ಅದನ್ನು ರೂಪಾಯಿಗೆ ಪರಿವರ್ತಿಸಿ ಬರೆದವು. ನಾವೂ ಹಂಚಿಕೊಂಡೆವು. ಅದಾದ ಮೇಲೆ ಕೊಳ್ಳೇಗಾಲದ ಟೀ ಅಂಗಡಿಯೊಂದರಲ್ಲಿ ಒಬ್ಬರು ಮೊಬೈಲ್ ತೆಗೆದು ತಮ್ಮ ಅಜ್ಜನ ಕಾಲದ ಕತ್ತಿ ತೋರಿಸಿ, "ಇದೂ ಟಿಪ್ಪುದೇ ಇರ್ಬೋದಾ ಸಾರ್?" ಎಂದು ಕೇಳಿದರು. ಆ ಕತ್ತಿಗೆ ಅಷ್ಟು ಬೆಲೆ ಬಂದದ್ದು ಅದು ಯಾರದು, ಎಲ್ಲಿ ಸಿಕ್ಕಿತು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ದಾಖಲೆಯಿಂದ. ದಾಖಲೆ ಇಲ್ಲದ ಕತ್ತಿಗೆ ಗುಜರಿಯವನು ಕೆಜಿ ಲೆಕ್ಕ ಹಾಕುತ್ತಾನೆ.

ಇದಕ್ಕೆ ಎದುರಾಗಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದ ಪ್ರಸಂಗ ಇಡಿ. ಅಲ್ಲಿ 2002ರಲ್ಲಿ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕಿದ್ದವು. ಅವು ಟಿಪ್ಪು ಕಾಲದ ರಾಕೆಟ್ಟುಗಳು ಎಂದು ಗೊತ್ತಾಯಿತು. 2018ರ ಜುಲೈನಲ್ಲಿ ಪುರಾತತ್ವ ಇಲಾಖೆಯವರು ಒಂದು ಹಾಳು ಬಾವಿಯನ್ನು ಕ್ರಮವಾಗಿ ಅಗೆದಾಗ ಸಾವಿರಕ್ಕೂ ಹೆಚ್ಚು ಸಿಕ್ಕವು. ಒಂದೊಂದನ್ನು ಒಬ್ಬೊಬ್ಬರು ಮನೆಗೆ ಒಯ್ದಿದ್ದರೆ ಸಾವಿರ ಮನೆಯಲ್ಲಿ ಸಾವಿರ ಕಬ್ಬಿಣದ ತುಂಡು ಇರುತ್ತಿತ್ತು. ಎಲ್ಲವೂ ಒಂದೇ ಬಾವಿಯಲ್ಲಿ, ಒಟ್ಟಿಗೆ ಸಿಕ್ಕಿದ್ದರಿಂದ ಅಲ್ಲಿ ಆಯುಧದ ದಾಸ್ತಾನು ಇತ್ತು ಎಂದು ಹೇಳಲು ಸಾಧ್ಯವಾಯಿತು. ಈಗ ಶಿವಮೊಗ್ಗದ ಶಿವಪ್ಪನಾಯಕನ ಅರಮನೆಗೆ ಹೋದರೆ ಶಾಲೆ ಮಕ್ಕಳೂ ನೋಡಬಹುದು.

ಏನು ಮಾಡಬಹುದು

ಮೊದಲು ನಮ್ಮ ಕಸುಬಿನವರಿಗೆ, ಅಂದರೆ ನಮಗೇ ಹೇಳಿಕೊಳ್ಳುವುದು. ಇಂಥ ಸುದ್ದಿ ಬರೆಯುವಾಗ ಗುಡ್ಡದ ಹೆಸರು, ಸರ್ವೆ ನಂಬರು ಬೇಡ. ಬೆಲೆ ಬೇಡವೇ ಬೇಡ. 'ನಿಧಿ' ಎಂಬ ಪದವನ್ನು ತಲೆಬರಹದಲ್ಲಿ ಹಾಕುವ ಚಪಲ ಬಿಡಬೇಕು. ಪೇಪರಿಗೆ ಹೋಗುವ ಮೊದಲು ಇಲಾಖೆಗೆ ತಿಳಿಯಬೇಕು. ಬೈಲೈನ್ ಒಂದು ವಾರ ತಡವಾದರೆ ಯಾರೂ ಸಾಯುವುದಿಲ್ಲ. ಜೊತೆಗೆ, ಸುದ್ದಿ ಬಂದ ಮೇಲೆ ಆ ಜಾಗಕ್ಕೆ ಇನ್ನೊಂದು ಸಲ ಹೋಗಿ ನೋಡಬೇಕು. ನಾವು ಹೋದದ್ದು ಫೋನ್ ಬಂದ ಮೇಲೆ.

ಕೂಡಿಡುವವರಿಗೆ: ಅಗೆಯಬೇಡಿ. ನೇಗಿಲು, ಜೆಸಿಬಿ, ಮಳೆ ಹೊರಗೆ ಹಾಕಿದ್ದನ್ನು ಕಂಡರೆ ಎತ್ತುವ ಮೊದಲು ಇದ್ದ ಹಾಗೇ ಫೋಟೊ ತೆಗೆಯಿರಿ, ಪಕ್ಕದಲ್ಲಿ ಒಂದು ಪೆನ್ನು ಇಟ್ಟರೆ ಅಳತೆ ತಿಳಿಯುತ್ತದೆ. ಕಲ್ಲಿನ ಸುತ್ತು ಇದ್ದರೆ, ಮೂಳೆ ಕಂಡರೆ, ಮುಟ್ಟದೆ ತಿಳಿಸಿ. ಎತ್ತಿದ್ದನ್ನು ತೊಳೆಯಬೇಡಿ, ತುಕ್ಕು ಉಜ್ಜಬೇಡಿ, ಎಣ್ಣೆ ಹಚ್ಚಬೇಡಿ. ನೋಟ್‌ಬುಕ್ಕಿನಲ್ಲಿ ಒಂದೊಂದಕ್ಕೆ ಒಂದು ನಂಬರ್ ಕೊಟ್ಟು ದಿನ, ಊರು, ಯಾರ ಹೊಲ, ಎಷ್ಟು ಆಳ, ಪಕ್ಕದಲ್ಲಿ ಇನ್ನೇನಿತ್ತು ಎಂದು ಬರೆಯಿರಿ. ಫೋಟೊವನ್ನು ಎಲ್ಲರಿಗೂ ಕಳಿಸಬೇಡಿ. ಈಗಿನ ಮೊಬೈಲ್ ಫೋಟೊದೊಳಗೇ ಜಾಗದ ಗುರುತು ಅಡಗಿರುತ್ತದೆ, ನಿಧಿ ಹುಡುಕುವವರಿಗೆ ಅದು ಗೊತ್ತು.

ಸರ್ಕಾರಕ್ಕೆ: ಹೆದರಿಸುವ ಬದಲು ಒಂದು ರಶೀದಿ ಕೊಡಿ. ತಂದುಕೊಟ್ಟವರ ಹೆಸರು ಮ್ಯೂಸಿಯಂನ ಚೀಟಿಯ ಮೇಲೆ ಇರಲಿ. ಯಳಂದೂರಿನಲ್ಲಿ ದಿವಾನ್ ಪೂರ್ಣಯ್ಯನವರ ಹೆಸರಿನ ವಸ್ತುಸಂಗ್ರಹಾಲಯ ಇದೆ. ನಮ್ಮ ನೆಲದ ಮಡಕೆಯನ್ನು ನಮ್ಮ ಮಕ್ಕಳು ಮೈಸೂರಿಗೋ ಚೆನ್ನೈಗೋ ಹೋಗಿ ನೋಡಬೇಕಾಗಿಲ್ಲ. ಇಲಾಖೆಯವರು ವರ್ಷಕ್ಕೊಮ್ಮೆ ಮೂರು ತಾಲ್ಲೂಕಿನಲ್ಲಿ ಒಂದೊಂದು ದಿನ ಕೂತು, 'ನಿಮ್ಮಲ್ಲಿ ಇರುವುದನ್ನು ತಂದು ತೋರಿಸಿ, ಕಿತ್ತುಕೊಳ್ಳುವುದಿಲ್ಲ, ಬರೆದುಕೊಳ್ಳುತ್ತೇವೆ' ಎಂದು ಕರೆದರೆ ಸಾಕು, ಅರ್ಧ ಕೆಲಸ ಆದಂತೆ. ಜಮೀನು ಮಟ್ಟ ಮಾಡಿಸುವ ಜೆಸಿಬಿ ಚಾಲಕರಿಗೆ, ಉದ್ಯೋಗ ಖಾತ್ರಿ ಕೆಲಸದ ಮೇಟಿಗಳಿಗೆ ಒಂದು ಗಂಟೆ ತಿಳಿಸಿ ಹೇಳಿದರೆ ಇನ್ನೂ ಒಳ್ಳೆಯದು. ನೆಲದಡಿಯದ್ದನ್ನು ಮೊದಲು ಕಾಣುವವರು ಅವರೇ.

ಹೋದ ತಿಂಗಳು ಒಂದು ಇನ್ನೂರು ಪುಟದ ನೋಟ್‌ಬುಕ್ ಹಿಡಿದು ಯಜಮಾನರ ಮನೆಗೆ ಮತ್ತೆ ಹೋದೆವು. ಮೊದಲು ನಮ್ಮ ತಪ್ಪು ಒಪ್ಪಿಕೊಂಡೆವು. ಅವರು, "ಈಟಿ ಇಡ್ಕಂಡು ನಿಂತ್ಕಂಡವ್ನು ನಾನು ತಾನೆ" ಎಂದು ನಕ್ಕರು. ಇಬ್ಬರೂ ಕೂತು ಒಂದೊಂದೇ ಇಳಿಸಿ, ಎಲ್ಲಿಯದು ಎಂದು ನೆನಪು ಮಾಡಿಕೊಳ್ಳುತ್ತಾ ಬರೆಯತೊಡಗಿದೆವು. ಮಧ್ಯಾಹ್ನದ ಹೊತ್ತಿಗೆ ಅರವತ್ತೆರಡು ನಂಬರ್ ಆದವು. ಅದರಲ್ಲಿ ಇಪ್ಪತ್ತಮೂರಕ್ಕೆ ಊರಿನ ಹೆಸರು ಖಚಿತವಾಗಿ ನೆನಪಿತ್ತು. ಒಂಬತ್ತಕ್ಕೆ ಯಾರ ಹೊಲ ಎಂಬುದೂ ಗೊತ್ತಿತ್ತು. ಉಳಿದವಕ್ಕೆ 'ಗೂಡು ಕೊಳ್ಳಕ್ಕೆ ಓಗಿದ್ದಾಗ' ಎಂದಷ್ಟೇ. ಆ ಉದ್ದನೆಯ ಕತ್ತಿಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ಬಹಳ ಹೊತ್ತು ಯೋಚಿಸಿದರು. ನೆನಪಾಗಲಿಲ್ಲ.

ಅದರ ಮುಂದೆ ಜಾಗ ಖಾಲಿ ಬಿಟ್ಟಿದ್ದೇವೆ. ನಿಮ್ಮ ಮನೆಯಲ್ಲೂ ಇಂಥದ್ದೇನಾದರೂ ಇದ್ದರೆ, ಇನ್ನೂ ನೆನಪಿರುವಾಗಲೇ, ಇವತ್ತೇ ಬರೆದಿಡಿ.